ಅಚ್ಚು ಒಂದೇ, ಪ್ರತಿ ಮಾತ್ರ ದಿನಕ್ಕೊಂದು

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುವ 47 ವರ್ಷದ ಗೃಹಿಣಿ. ಒಂಬತ್ತು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ. ಸೋಮವಾರವೆಲ್ಲ ಹೊಟ್ಟೆ ತೊಳಸುತ್ತಿರುತ್ತದೆ. ನೋವು ಒಮ್ಮೊಮ್ಮೆ ಕೀಲಿನೊಳಗೆ ಯಾರೋ ಕೊರೆಯುತ್ತಿರುವಂತೆ, ಕೆಲವು ರಾತ್ರಿ ಒದ್ದೆ ಬಟ್ಟೆ ಹಿಂಡಿದಂತೆ. ಕಲಾಶಾಲೆಯಲ್ಲಿ ಓದುವ ಮಗಳ ಲಿನೋ ಹಲಗೆಯ (ಉಳಿಯಿಂದ ಕೊರೆದು, ಮಸಿ ಹಚ್ಚಿ ಅಚ್ಚೊತ್ತುವ ಹಲಗೆ) ಮೇಲೆ ನಾನೂ ಒಂದು ಚಿತ್ರ ಕೊರೆದೆ: ಹಾಸಿಗೆಯ ಅಂಚಿನಲ್ಲಿ ತಲೆ ತಗ್ಗಿಸಿ ಕುಳಿತ ಹೆಂಗಸು. ಅದು ಆಸ್ಪತ್ರೆಯ ಗೋಡೆಯ ಭಿತ್ತಿಪತ್ರದಂತೆ ಬಂತು. ನನ್ನ ಸಂಕಟ ಅದರಲ್ಲಿ ಇರಲಿಲ್ಲ. ಮಣಿಕಟ್ಟು ಮಾತ್ರ ಎರಡು ದಿನ ಊದಿಕೊಂಡಿತ್ತು. ‘ನೋಡೋದಕ್ಕೆ ಚೆನ್ನಾಗಿಯೇ ಇದ್ದೀಯಲ್ಲ’ ಎನ್ನುವವರಿಗೆ ಹೇಳಲಾಗದ್ದನ್ನು ಅಚ್ಚಿನಲ್ಲಿ ಹೇಳಬಹುದೇ? ನನ್ನ ಕೈಗೆ ಯಾವ ವಿಧಾನ ಒಗ್ಗುತ್ತದೆ? ಮಗಳ ಸಹಾಯ ಪಡೆದರೆ ಅದು ನನ್ನ ಕೆಲಸವೆನಿಸುತ್ತದೆಯೇ?

ಉತ್ತರ: ಚಿತ್ರದಲ್ಲಿ ನಿಮ್ಮ ಸಂಕಟ ಇರಲಿಲ್ಲವೆಂದು ನೀವೇ ಗುರುತಿಸಿದ್ದೀರಿ, ಅದರ ಕಾರಣವೂ ನಿಮ್ಮ ಪತ್ರದಲ್ಲಿಯೇ ಇದೆ. ತಲೆ ತಗ್ಗಿಸಿ ಕುಳಿತ ಹೆಂಗಸು ಎಂಬುದು ಕಾಯಿಲೆಯನ್ನು ಹೊರಗೆ ನಿಂತು ನೋಡುವವರ ಚಿತ್ರ. ಆದರೆ ನೋವನ್ನು ಹೇಳಬೇಕಾಗಿ ಬಂದಾಗ ನೀವು ಬರೆದದ್ದು ‘ಕೊರೆಯುತ್ತಿರುವಂತೆ’ ಎಂದು, ‘ಹಿಂಡಿದಂತೆ’ ಎಂದು. ಆ ಮಾತುಗಳಲ್ಲಿ ಹೆಂಗಸೂ ಇಲ್ಲ, ಹಾಸಿಗೆಯೂ ಇಲ್ಲ, ಬರಿಯ ಕ್ರಿಯಾಪದಗಳಿವೆ. ನಿಮ್ಮ ಕೆಲಸ ಆರಂಭವಾಗಬೇಕಾದದ್ದು ಆ ಕ್ರಿಯಾಪದಗಳಿಂದ.

ಕನ್ನಡದಲ್ಲಿ ನೋವಿಗೆ ಬಳಸುವ ಮಾತುಗಳನ್ನೂ ಅಚ್ಚಿನ ಕೆಲಸಕ್ಕೆ ಬಳಸುವ ಮಾತುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಚಳಿ ಕೊರೆಯುತ್ತದೆ, ಚಿಂತೆ ಕೊರೆಯುತ್ತದೆ, ಉಳಿಯೂ ಕೊರೆಯುತ್ತದೆ. ಎದೆ ಒತ್ತಿದಂತಾಗುತ್ತದೆ, ಕಾಗದದ ಮೇಲೆ ಅಚ್ಚನ್ನೂ ಒತ್ತುತ್ತೇವೆ. ಸೂಜಿ ಚುಚ್ಚುತ್ತದೆ, ಗೀರುತ್ತದೆ. ಆಮ್ಲ ತಗಡನ್ನು ತಿನ್ನುತ್ತದೆ. ಮೊಣಕಾಲು ಸವೆದಂತೆ ತಾಮ್ರದ ಫಲಕವೂ ಸವೆಯುತ್ತದೆ. ಡ್ರೈಪಾಯಿಂಟ್ ಎಂಬ ವಿಧಾನದಲ್ಲಿ ಮೊನಚು ಸೂಜಿಯಿಂದ ತಗಡನ್ನು ನೇರವಾಗಿ ಗೀರುವಾಗ ಗೆರೆಯ ಅಂಚಿನಲ್ಲಿ ಲೋಹದ ಸಣ್ಣ ಹೆರೆ ಏಳುತ್ತದೆ. ಮಸಿ ಆ ಹೆರೆಗೆ ಅಂಟಿಕೊಳ್ಳುವುದರಿಂದಲೇ ಗೆರೆಗೆ ಮಖಮಲ್ಲಿನಂಥ ಕಪ್ಪು ಬರುತ್ತದೆ. ಯಂತ್ರದ ಭಾರಕ್ಕೆ ಆ ಹೆರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮಡಚಿಕೊಂಡು, ಹತ್ತಿಪ್ಪತ್ತು ಪ್ರತಿಗಳಾಗುವಷ್ಟರಲ್ಲಿ ಗೆರೆ ಬಡವಾಗುತ್ತದೆ. ದೀರ್ಘಕಾಲದ ಕಾಯಿಲೆಯಲ್ಲಿ ಬದುಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲವೆಂಬುದನ್ನು ನಾನು ಪುಣೆಯ ನನ್ನ ಕಾರ್ಯಾಗಾರದಲ್ಲಿ ಹಲವು ಸಲ ಕಂಡಿದ್ದೇನೆ. ಆರೋಗ್ಯವಂತ ವಿದ್ಯಾರ್ಥಿಗಳು ‘ಇನ್ನೊಂದು ಒಳ್ಳೆಯ ಪ್ರತಿ ಬರಲಿಲ್ಲವಲ್ಲ’ ಎಂದು ಬೇಸರಪಡುವ ಹೊತ್ತಿನಲ್ಲಿ ಇವರು ಆ ಬಡವಾದ ಗೆರೆಯನ್ನೇ ಬಹಳ ಹೊತ್ತು ನೋಡುತ್ತಾ ಕೂರುತ್ತಾರೆ.

ನೋವಿನ ಮಾತುಗಳನ್ನು ವೈದ್ಯಶಾಸ್ತ್ರವೂ ಹಗುರವಾಗಿ ಕಂಡಿಲ್ಲ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಪದಗಳನ್ನು 20 ಗುಂಪುಗಳಾಗಿ ಜೋಡಿಸಲಾಗಿದೆ. ನೀವು ನಿಮ್ಮದೇ ಪಟ್ಟಿಯನ್ನು ಮಾಡಿಕೊಳ್ಳಿ, ನಿಮ್ಮ ಊರಿನ ಮಾತಿನಲ್ಲಿಯೇ: ಚಳಕು, ಸೆಳೆತ, ಜೋಮು, ಉರಿ, ತಿವಿತ, ಮರಗಟ್ಟುವುದು, ಕುಟುಕು, ಹಿಂಡು. ಮೊದಲ ಎರಡು ವಾರ ಚಿತ್ರದ ಗೋಜಿಗೆ ಹೋಗದೆ, ಅಂಗೈ ಅಗಲದ ಕಾಗದಗಳ ಮೇಲೆ ಒಂದೊಂದು ಮಾತಿಗೆ ಒಂದೊಂದು ಗುರುತನ್ನು ಹುಡುಕಿ. ಮಸಿ ಹಚ್ಚಿದ ಗಾಜಿನ ಮೇಲೆ ಹಿಂಡಿದ ಬಟ್ಟೆಯೊಂದನ್ನು ಒತ್ತಿ ತೆಗೆದು ಅದರ ಮೇಲೆ ಕಾಗದವಿಟ್ಟರೆ ಸುಕ್ಕುಗಳು ನರಗಳಂತೆ ಮೂಡುತ್ತವೆ; ಜೋಮಿಗೆ ಒಣ ಹತ್ತಿಯ ಉಂಡೆಯಿಂದ ಮಸಿಯನ್ನು ಎತ್ತಿ ಎತ್ತಿ ತೆಗೆದ ಚುಕ್ಕೆಗಳು ಸಾಕಾಗಬಹುದು. ಇದಕ್ಕೆ ಮಾನೊಟೈಪ್ ಎನ್ನುತ್ತಾರೆ. ಕೊರೆಯುವುದಿಲ್ಲ, ಹಿಡಿಯ ಬಲ ಬೇಕಾಗುವುದಿಲ್ಲ, ತಪ್ಪಿದರೆ ಒರೆಸಿ ಮತ್ತೆ ಹಚ್ಚಬಹುದು. ನಿಮ್ಮ ಬೆರಳುಗಳಿಗೆ ಮೊದಲ ಪಾಠ ಇದೇ ಆಗಲಿ.

ಲಿನೋ ನಿಮಗೆ ಸದ್ಯಕ್ಕೆ ಬೇಡ. ಲಿನೋಲಿಯಂ ಅಗಸೆ ಎಣ್ಣೆ ಮತ್ತು ಕಾರ್ಕ್ ಪುಡಿಯನ್ನು ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹಾಸಿ ತಯಾರಿಸುವ ಹಲಗೆ, ಹಳೆಯದಾದಷ್ಟೂ ಬಿರುಸಾಗುತ್ತದೆ. ಬಿಸಿಲಿನಲ್ಲಿಟ್ಟೋ ಬಿಸಿನೀರಿನ ಚೀಲದ ಮೇಲಿಟ್ಟೋ ಬೆಚ್ಚಗೆ ಮಾಡಿಕೊಂಡರೆ ಮೆದುವಾಗುವುದು ನಿಜ. ಉಳಿಯ ಹಿಡಿಗೆ ಸೈಕಲ್ಲಿನ ಹಿಡಿಯ ರಬ್ಬರನ್ನು ತೊಡಿಸಿ ದಪ್ಪ ಮಾಡಿಕೊಂಡರೆ ಬೆರಳು ಬಿಗಿಯಾಗಿ ಮಡಚಬೇಕಾಗುವುದಿಲ್ಲ. ಆದರೂ ಮಣಿಕಟ್ಟನ್ನು ಊರಿ ಮುಂದಕ್ಕೆ ತಳ್ಳುವ ಚಲನೆ ಹಾಗೆಯೇ ಉಳಿಯುತ್ತದೆ, ಮತ್ತು ನಿಮಗೆ ಊತ ಬಂದದ್ದು ಆ ಚಲನೆಯಿಂದಲೇ ಇರಬೇಕು. ಮೆಥೊಟ್ರೆಕ್ಸೇಟ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯಾದ್ದರಿಂದ ಉಳಿ ಜಾರಿ ಆಗುವ ಗಾಯವನ್ನೂ ನೀವು ಇತರರಂತೆ ಅಲಕ್ಷಿಸುವ ಹಾಗಿಲ್ಲ. ನೈಟ್ರಿಕ್ ಆಮ್ಲದಲ್ಲಿ ತಗಡನ್ನು ಕೊರೆಸುವ ಎಚಿಂಗ್ ವಿಧಾನವನ್ನಂತೂ ಫ್ಲ್ಯಾಟಿನ ಅಡುಗೆಮನೆಯಲ್ಲಿ ಯಾರೂ ಮಾಡಕೂಡದು. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಎಣ್ಣೆಯ ಮಸಿಯನ್ನು ತೊಳೆಯಲು ಟರ್ಪೆಂಟೈನ್ ಬೇಕೆಂದಿಲ್ಲ: ಕೊಬ್ಬರಿ ಎಣ್ಣೆಯಲ್ಲಿ ಒರೆಸಿ, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದರೆ ಗಾಜೂ ರೋಲರೂ ಶುದ್ಧವಾಗುತ್ತವೆ. ಇಂಥದ್ದೊಂದು ಹವ್ಯಾಸಕ್ಕೆ ಇಳಿದಿದ್ದೇನೆಂದು ನಿಮ್ಮ ಸಂಧಿವಾತದ ವೈದ್ಯರಿಗೆ ಮುಂದಿನ ಭೇಟಿಯಲ್ಲಿ ತಿಳಿಸಿ. ಎಷ್ಟು ಹೊತ್ತು, ಯಾವ ಚಲನೆ ಎಂಬುದನ್ನು ಅವರೇ ಹೇಳುವುದು ಒಳಿತು.

ಮುಖ್ಯ ಕೆಲಸಕ್ಕೆ ನಿಮಗೆ ನಾನು ಸೂಚಿಸುವುದು ಕೊಲಾಗ್ರಾಫ್. ದಪ್ಪ ರಟ್ಟಿನ ಮೇಲೆ ನಾನಾ ವಸ್ತುಗಳನ್ನು ಅಂಟಿಸಿ, ಆಕ್ರಿಲಿಕ್ ವಾರ್ನಿಷನ್ನು ಎರಡು ಸಲ ಬಳಿದು ಒಣಗಿಸಿ, ಅದಕ್ಕೆ ಮಸಿ ಹಚ್ಚಿ ಒತ್ತುವ ವಿಧಾನವಿದು. ಇಲ್ಲಿ ಅಚ್ಚು ಹುಟ್ಟುವುದು ಕೆತ್ತಿ ತೆಗೆಯುವುದರಿಂದಲ್ಲ, ಕೂಡಿಸುವುದರಿಂದ. ಏನನ್ನು ಅಂಟಿಸಬೇಕೆಂದು ಕೇಳುವಿರಾದರೆ ನಿಮ್ಮ ಔಷಧಿಯ ಡಬ್ಬಿಯನ್ನು ತೆರೆಯಿರಿ. ಮಾತ್ರೆ ತೆಗೆದ ಮೇಲೆ ಉಳಿಯುವ ಹಾಳೆಯನ್ನು ಚಪ್ಪಟೆಯಾಗಿಸಿ ಅಂಟಿಸಿದರೆ ಎರಡು ಸಾಲು ಉಂಗುರಗಳು ಬರುತ್ತವೆ. ಹೆಬ್ಬೆರಳು ಒತ್ತಿ ಹರಿದ ತೆಳುತಗಡಿನ ಅಂಚು ಪ್ರತಿ ಉಂಗುರದೊಳಗೆ ಬೇರೆ ಬೇರೆ ಆಕಾರದಲ್ಲಿ, ಒಡೆದ ಮೊಟ್ಟೆಯ ಚಿಪ್ಪಿನಂತೆ ಮೂಡುತ್ತದೆ. ಬೆರಳು ಮಡಚಲಾಗದ ಬೆಳಿಗ್ಗೆ ತೆಗೆದ ಮಾತ್ರೆಯ ಹರಕು ಒರಟಾಗಿಯೂ, ಸಂಜೆಯದು ಅಚ್ಚುಕಟ್ಟಾಗಿಯೂ ಇರುವುದನ್ನು ನನ್ನ ವಿದ್ಯಾರ್ಥಿನಿಯೊಬ್ಬರು ಭೂತಗನ್ನಡಿ ಹಿಡಿದು ತೋರಿಸಿದ್ದು ನನಗೆ ಇಂದಿಗೂ ನೆನಪಿದೆ. ಮಣಿಕಟ್ಟಿಗೆ ಸುತ್ತುವ ಕ್ರೇಪ್ ಬ್ಯಾಂಡೇಜಿನ ತುಂಡು ನೇಯ್ಗೆಯ ಎಳೆಎಳೆಯನ್ನೂ ಬಿಟ್ಟುಕೊಡುತ್ತದೆ. ರಟ್ಟನ್ನು ಕತ್ತರಿಯಲ್ಲಿ ಕತ್ತರಿಸಲು ಕಷ್ಟವಾದರೆ ನೆನೆಸಿ ಕೈಯಲ್ಲಿ ಹರಿಯಿರಿ. ಹರಿದ ಅಂಚು ಕತ್ತರಿಸಿದ ಅಂಚಿಗಿಂತ ಹೆಚ್ಚು ಮಾತಾಡುತ್ತದೆ. ಎಡಬಲ ತಿರುವುಮುರುವಾಗುವುದರ ಬಗ್ಗೆ ಹೆದರಬೇಡಿ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದ ಕೈಗೆ, ಮರದಲ್ಲಿ ತಗ್ಗಾದದ್ದು ಸಕ್ಕರೆಯಲ್ಲಿ ಉಬ್ಬುತ್ತದೆ, ಎಡಕ್ಕೆ ನೋಡುವ ಗಿಣಿ ಬಲಕ್ಕೆ ತಿರುಗುತ್ತದೆ ಎಂಬುದು ಹೊಸ ವಿದ್ಯೆಯಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಹತ್ತು ಚಿತ್ರಗಳನ್ನು ಮಾಡಬೇಡಿ. ಒಂದೇ ಅಚ್ಚನ್ನು ಮಾಡಿ, ಅದನ್ನು ವರ್ಷವಿಡೀ ಒತ್ತಿ.

ನನಗೆ 29ನೆಯ ವಯಸ್ಸಿನಿಂದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಎಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತವಿದೆ. ಕಾಯಿಲೆ ಬಂದ ಮೂರನೆಯ ವರ್ಷ ನಾನಿದ್ದ ಹಳೆಯ ವಾಡೆಯ ಮೆಟ್ಟಿಲನ್ನು ಮರದಲ್ಲಿ ಕೆತ್ತಿದ್ದೆ. ಒಟ್ಟು ಹದಿನಾಲ್ಕು ಮೆಟ್ಟಿಲು, ಮೇಲೆ ಒಂದು ಅರೆತೆರೆದ ಬಾಗಿಲು. ಇಪ್ಪತ್ತು ಪ್ರತಿಗಳ ಎಡಿಷನ್ ಮಾಡಬೇಕೆಂದು ಹೊರಟವನ ಕೈಯಲ್ಲಿ ಅಚ್ಚೊತ್ತುವ ಯಂತ್ರದ ಚಕ್ರ ತಿರುಗಿಸುವ ಬಲ ಒಂದು ದಿನ ಇದ್ದರೆ ಇನ್ನೊಂದು ದಿನ ಇರುತ್ತಿರಲಿಲ್ಲ. ಬಲವಿದ್ದ ದಿನದ ಪ್ರತಿಗಳು ಕಪ್ಪಾಗಿ ತುಂಬಿಕೊಂಡು ಬಂದವು; ಇಲ್ಲದ ದಿನ ಒಂಬತ್ತನೆಯ ಮೆಟ್ಟಿಲಿನಿಂದಾಚೆಗೆ ಬೂದುಬಣ್ಣ, ಬಾಗಿಲಂತೂ ಕಾಣುತ್ತಲೇ ಇರಲಿಲ್ಲ. ಎಲ್ಲವನ್ನೂ ಸೇರಿಸಿ ಒಂದು ಪ್ರದರ್ಶನಕ್ಕೆ ಕಳುಹಿಸಿದೆ. ಪ್ರತಿಗಳು ಒಂದೇ ಸಮನಾಗಿಲ್ಲ, ಕುಶಲತೆಯ ಕೊರತೆಯಿದೆ ಎಂದು ಸಂಘಟಕರು ಕಟ್ಟನ್ನು ಹಾಗೆಯೇ ಹಿಂದಿರುಗಿಸಿದರು. ಬಹಳ ನೊಂದುಕೊಂಡೆ. ಆ ಕಟ್ಟನ್ನು ಬಿಚ್ಚಿ ನೆಲದ ಮೇಲೆ ದಿನಾಂಕದ ಪ್ರಕಾರ ಹರಡಿದಾಗಲೇ, ಮೂರು ವರ್ಷಗಳಿಂದ ಮನೆಯವರಿಗೂ ವೈದ್ಯರಿಗೂ ಹೇಳಲು ಹೆಣಗುತ್ತಿದ್ದದ್ದು ಅಲ್ಲಿ ಬಿದ್ದಿರುವುದು ಕಂಡಿತು: ಮೆಟ್ಟಿಲು ಅದೇ, ಹದಿನಾಲ್ಕೇ, ಬಾಗಿಲು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.

ದೀರ್ಘ ಕಾಯಿಲೆಯ ಅತ್ಯಂತ ಕಷ್ಟದ ಭಾಗ ನೋವಿಗಿಂತ ಅದರ ಮರುಕಳಿಕೆ ಎಂದು ನಾನು ನಂಬಿದ್ದೇನೆ. ನಿನ್ನೆ ತರಕಾರಿ ಹೆಚ್ಚಿದ ಕೈ ಇಂದು ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಲಾರದೆ ನಿಂತಾಗ ಬರುವ ಸಿಟ್ಟು, ನಾಳೆ ಮತ್ತೆ ಸರಿಯಾದಾಗ ‘ನಿನ್ನೆ ನಾಟಕವಾಡಿದಳೇ’ ಎಂದು ಇತರರು ನೋಡುವ ನೋಟ, ಆ ನೋಟಕ್ಕೆ ನಮಗೇ ನಮ್ಮ ಮೇಲೆ ಬರುವ ಸಂಶಯ, ಇವುಗಳನ್ನು ಒಂದು ಚಿತ್ರ ಹಿಡಿಯಲಾರದು. ಒಂದೇ ಅಚ್ಚಿನ ಹನ್ನೆರಡು ಪ್ರತಿಗಳು ಹಿಡಿಯಬಲ್ಲವು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ತಾಯಿಯನ್ನು 1868ರಲ್ಲಿಯೂ ಅಕ್ಕ ಸೋಫಿಯನ್ನು 1877ರಲ್ಲಿಯೂ ಕ್ಷಯಕ್ಕೆ ಕಳೆದುಕೊಂಡವನು. ರೋಗಿಯಾದ ಬಾಲೆಯ ಚಿತ್ರವನ್ನು 1885–86ರಲ್ಲಿ ತೈಲವರ್ಣದಲ್ಲಿ ಬರೆದವನು ಅಲ್ಲಿಗೆ ನಿಲ್ಲದೆ 1894ರಲ್ಲಿ ಅದನ್ನು ಡ್ರೈಪಾಯಿಂಟಿಗೆ ತಂದ. 1896ರಲ್ಲಿ ಪ್ಯಾರಿಸ್ಸಿನಲ್ಲಿ ದಿಂಬಿಗೊರಗಿದ ಆ ಬಾಲೆಯ ತಲೆಯನ್ನಷ್ಟೇ ಕಲ್ಲಚ್ಚಿಗೆ, ಎಂದರೆ ಕಲ್ಲಿನ ಮೇಲೆ ಬರೆದು ಒತ್ತುವ ಲಿಥೋಗ್ರಾಫಿಗೆ ಇಳಿಸಿ, ಬೇರೆ ಬೇರೆ ಬಣ್ಣಗಳ ಸಂಯೋಜನೆಯಲ್ಲಿ ಒತ್ತಿಸಿದ. ಕೆಂಪಿನಲ್ಲಿ ಅವಳಿಗೆ ಜ್ವರವಿದೆ. ಬೂದಿಯಲ್ಲಿ ಅವಳು ಆಗಲೇ ದೂರ ಹೋಗಿದ್ದಾಳೆ. ಅವುಗಳಲ್ಲಿ ಸರಿಯಾದ ಪ್ರತಿ ಯಾವುದೆಂದು ಕೇಳುವುದಕ್ಕೆ ಅರ್ಥವಿಲ್ಲ.

ಆದ್ದರಿಂದ ನಿಮ್ಮ ಸೋಮವಾರವನ್ನು ಬಿಟ್ಟುಬಿಡಬೇಡಿ. ಹೊಟ್ಟೆ ತೊಳಸುವ ಆ ದಿನ ಮಸಿ ಹಚ್ಚಲೂ ಮನಸ್ಸಾಗದಿದ್ದರೆ ಬರಿಯ ಒಣ ಅಚ್ಚಿನ ಮೇಲೆ ಕಾಗದವಿಟ್ಟು ಒಮ್ಮೆ ಅಂಗೈಯಿಂದ ಸವರಿ ತೆಗೆದಿಡಿ. ಬಹುತೇಕ ಬಿಳಿಯಾಗಿರುವ ಆ ಹಾಳೆಯೂ ಸೋಮವಾರದ ಪ್ರತಿಯೇ. ಗುರುವಾರ ಮೈ ಹಗುರವಿದ್ದಾಗ ಮಸಿಯನ್ನು ದಟ್ಟವಾಗಿ ಹಚ್ಚಿ. ಒಮ್ಮೆ ಹಚ್ಚಿದ ಮಸಿಯಲ್ಲಿ ಎರಡನೆಯ ಸಲ, ಮತ್ತೆ ಹಚ್ಚದೆ, ಇನ್ನೊಂದು ಕಾಗದವನ್ನು ಒತ್ತಿದರೆ ಮಸುಕಾದ ಪ್ರತಿಯೊಂದು ಬರುತ್ತದೆ. ಮುದ್ರಣಕಾರರು ಅದನ್ನು ಘೋಸ್ಟ್ ಪ್ರಿಂಟ್ ಎನ್ನುತ್ತಾರೆ. ದಣಿವನ್ನು ಹೇಳಲು ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ, ಏಕೆಂದರೆ ಅದು ದಣಿವಿನ ಚಿತ್ರವಲ್ಲ, ನಿಜವಾಗಿಯೂ ಉಳಿದಷ್ಟರಿಂದಲೇ ಆದದ್ದು. ಮದುವೆಮನೆಗೆ ಹೋಗಿ ಬಂದ ಮರುದಿನ ಒಮ್ಮೆ ಇದನ್ನು ಮಾಡಿ ನೋಡಿ.

‘ಚೆನ್ನಾಗಿಯೇ ಇದ್ದೀಯಲ್ಲ’ ಎನ್ನುವವರ ಪ್ರಶ್ನೆಗೆ ಮಸಿಯೇ ಇಲ್ಲದ ಒಂದು ವಿಧಾನವಿದೆ. ದಪ್ಪನೆಯ ಹತ್ತಿಕಾಗದವನ್ನು ನೀರಿನಲ್ಲಿ ನೆನೆಸಿ, ಹೆಚ್ಚಿನ ನೀರನ್ನು ಟವೆಲಿನಿಂದ ಹೀರಿಸಿ, ನಿಮ್ಮ ಕೊಲಾಗ್ರಾಫಿನ ಮೇಲಿಟ್ಟು, ಮೇಲೊಂದು ಹಳೆಯ ಕಂಬಳಿಯ ತುಂಡನ್ನು ಹಾಸಿ ಭಾರವಾಗಿ ಒತ್ತಿ, ಒಣಗುವವರೆಗೆ ಪುಸ್ತಕಗಳ ಅಡಿಯಲ್ಲಿಡಿ. ಬಿಳಿಯ ಮೇಲೆ ಬಿಳಿಯ ಉಬ್ಬುತಗ್ಗು ಮೂಡಿರುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಖಾಲಿ ಕಾಗದ. ಕಿಟಕಿಯ ಪಕ್ಕ ಓರೆಯಾಗಿ ತೂಗುಹಾಕಿದರೆ ಒಂದೊಂದು ಉಂಗುರಕ್ಕೂ ನೆರಳು ಬರುತ್ತದೆ. ಬಂಗಾಳದ ಕಲಾವಿದ ಸೋಮನಾಥ ಹೋರ್ ಈ ಬಿಳಿಯ ಸಾಧ್ಯತೆಯನ್ನು ಕಂಡವರಲ್ಲಿ ದೊಡ್ಡವರು. 1943ರ ಬಂಗಾಳದ ಬರಗಾಲವನ್ನು ಕಣ್ಣಾರೆ ಕಂಡಿದ್ದ ಅವರು 1970ರ ದಶಕದಲ್ಲಿ ಶಾಂತಿನಿಕೇತನದಲ್ಲಿ ‘ಗಾಯಗಳು’ ಎಂಬ ಸರಣಿಯನ್ನು ಮಾಡಿದರು: ಜೇಡಿಮಣ್ಣಿನ ಹಾಸಿನ ಮೇಲೆ ಚಾಕುವಿನಿಂದ ಸೀಳಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿಗೆ ಕಾಗದದ ತಿರುಳನ್ನು ತುಂಬಿ ಒತ್ತಿದರು. ಅವುಗಳಲ್ಲಿ ಮನುಷ್ಯರ ಆಕೃತಿಯಿಲ್ಲ. ಚರ್ಮದಂಥ ಬಿಳಿ ಕಾಗದ, ಅದರಲ್ಲೊಂದು ಸೀಳು, ಕೆಲವೆಡೆ ಕೆಂಪಿನ ಸುಳಿವು. ನೋಡುವವರ ಕೈ ತಾನಾಗಿಯೇ ತಮ್ಮ ಮೈಯನ್ನು ಮುಟ್ಟಿ ನೋಡಿಕೊಳ್ಳುತ್ತದೆ.

ಕಾಗದಕ್ಕೆ ದೂರ ಹೋಗಬೇಕಾಗಿಲ್ಲ. ಪುಣೆಯ ಶಿವಾಜಿನಗರದಲ್ಲಿ 1940ರಿಂದ ಕೈಕಾಗದದ ಸಂಸ್ಥೆಯಿದೆ. ಹತ್ತಿಯ ಚಿಂದಿಯಿಂದ ಮಾಡಿದ ಅಲ್ಲಿನ ದಪ್ಪ ಹಾಳೆ ಉಬ್ಬಚ್ಚಿಗೆ ಹೇಳಿಮಾಡಿಸಿದಂತಿರುತ್ತದೆ. ಮಸಿಯ ಪ್ರತಿಗಳಿಗೆ ತೆಳುವಾದ ನೇಪಾಳಿ ಕಾಗದ ಒಳ್ಳೆಯದು, ಕಡಿಮೆ ಒತ್ತಡಕ್ಕೇ ಮಸಿಯನ್ನು ಎತ್ತಿಕೊಳ್ಳುತ್ತದೆ. ಡೊಂಬಿವಲಿಯ ಮಳೆಗಾಲದಲ್ಲಿ ಎಣ್ಣೆಮಸಿ ಒಣಗಲು ವಾರವೂ ಹಿಡಿಯಬಹುದು; ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ ಫ್ಯಾನಿನಡಿ ತೂಗುಬಿಡಿ, ಪೂರ್ತಿ ಒಣಗುವ ಮೊದಲು ಒಂದರ ಮೇಲೊಂದು ಇಟ್ಟರೆ ಬೂಷ್ಟು ಹಿಡಿಯುತ್ತದೆ. ಕೆಲಸದ ಹೊತ್ತನ್ನು ಬೆಳಗಿನ ಬಿಗಿತ ಸಡಿಲಿದ ಮೇಲೆ, ಹನ್ನೊಂದರ ನಂತರ ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, ಅದು ಹೊಡೆದಾಗ ಕೈ ಚೆನ್ನಾಗಿದ್ದರೂ ಎದ್ದುಬಿಡಿ. ‘ಇವತ್ತು ಚೆನ್ನಾಗಿದೆಯಲ್ಲ, ಮುಗಿಸಿಬಿಡೋಣ’ ಎಂಬ ಆಸೆಗೆ ಎರಡು ದಿನದ ಊತದ ಬೆಲೆ ತೆತ್ತವರಲ್ಲಿ ನಾನೂ ಒಬ್ಬ.

ಒತ್ತುವುದಕ್ಕೆ ಚಮಚದ ಬೆನ್ನು ಬಳಸುವುದು ವಾಡಿಕೆ, ಆದರೆ ಚಮಚವನ್ನು ಹಿಡಿದು ಉಜ್ಜುವುದು ನಿಮ್ಮ ಬೆರಳಿಗೆ ಹಿತವಲ್ಲ. ಲಟ್ಟಣಿಗೆಯನ್ನು ಅಂಗೈಗಳ ಕೆಳಗೆ ಉರುಳಿಸಿ, ತೋಳಿನ ಭಾರ ಅದರ ಮೇಲೆ ಬೀಳಲಿ. ಅದೂ ಆಗದ ದಿನ ಮಗಳು ಒತ್ತಲಿ. ಆಗ ಅದು ನಿಮ್ಮದಾಗುತ್ತದೆಯೇ ಎಂಬ ಪ್ರಶ್ನೆಗೆ ಮುದ್ರಣಕಲೆಯ ಚರಿತ್ರೆಯೇ ಉತ್ತರ ಕೊಟ್ಟಿದೆ. ಜಪಾನಿನ ಉಕಿಯೊ-ಎ ಮರದಚ್ಚುಗಳಲ್ಲಿ ಚಿತ್ರ ಬರೆಯುವವನು ಒಬ್ಬ, ಕೆತ್ತುವವನು ಇನ್ನೊಬ್ಬ, ಒತ್ತುವವನು ಮತ್ತೊಬ್ಬ. ಮುಂಕ್‌ನ ಕಲ್ಲಚ್ಚನ್ನು ಒತ್ತಿದವನು ಆಗ್ಯೂಸ್ಟ್ ಕ್ಲೋ ಎಂಬ ಪ್ಯಾರಿಸ್ಸಿನ ಮುದ್ರಕ. ನಮ್ಮ ಮನೆಗಳ ದೇವರ ಗೂಡಿನ ಲಕ್ಷ್ಮಿ ಸರಸ್ವತಿಯರ ಪಟಗಳನ್ನು ನೆನಪಿಸಿಕೊಳ್ಳಿ: ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿ ಮುಂದೆ ಲೋಣಾವಳದ ಬಳಿಯ ಮಳವಲಿಗೆ ಸಾಗಿಸಿದ ಕಲ್ಲಚ್ಚಿನ ಮುದ್ರಣಾಲಯದಲ್ಲಿ ಎಷ್ಟೋ ಕೈಗಳು ದುಡಿದಿದ್ದವು, ಆದರೂ ಅವು ರವಿವರ್ಮನ ಪಟಗಳೇ. ನೀವು ಮಗಳಿಗೆ ಬಿಟ್ಟುಕೊಡಬಾರದ್ದು ಎರಡೇ ನಿರ್ಧಾರ: ಇಂದು ಮಸಿ ಎಷ್ಟು, ಮತ್ತು ಎಲ್ಲಿಗೆ ನಿಲ್ಲಿಸಬೇಕು. ಚೆನ್ನಾಗಿ ಬರಲೆಂದು ಅವಳು ಪ್ರೀತಿಯಿಂದಲೇ ಇನ್ನೊಂದಿಷ್ಟು ಮಸಿ ಹಚ್ಚಲು ಹೊರಟರೆ ತಡೆಯಿರಿ. ಅವಳು ನಿಮ್ಮ ಕೈಯ ಬದಲಿಗೆ ಇರಲಿ, ನಿಮ್ಮ ದಿನದ ಬದಲಿಗೆ ಬೇಡ.

ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಅಚ್ಚಿನ ಕೆಲಸ ಔಷಧಿಯಲ್ಲ, ಊತವನ್ನು ಇಳಿಸುವುದಿಲ್ಲ. ಮೆಥೊಟ್ರೆಕ್ಸೇಟಿನ ಜಾಗದಲ್ಲಿ ಅದನ್ನು ಇಡುವಂತಿಲ್ಲ. ಕೆಲವರಿಗೆ ಕೆಲಸ ಮುಗಿದಾಗ ಎದೆ ಹಗುರವಾಗುತ್ತದೆ. ಕೆಲವರಿಗೆ ಅದುಮಿಟ್ಟ ಅಳು ಆಗಲೇ ಬರುತ್ತದೆ, ಅದೂ ಸಹಜ. ಆದರೆ ಯಾವುದರಲ್ಲಿಯೂ ಆಸಕ್ತಿಯಿಲ್ಲ, ನಿದ್ದೆಯಿಲ್ಲ, ಬದುಕೇ ಬೇಡ ಎನಿಸುವ ಸ್ಥಿತಿ ಎರಡು ವಾರ ಮುಂದುವರಿದರೆ ವೈದ್ಯರಿಗೆ ಹೇಳಿ. ಬದುಕು ಬೇಡವೆನಿಸಿದ ದಿನವಂತೂ ಎರಡು ವಾರ ಕಾಯದೆ ಅಂದೇ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು.

ಪ್ರತಿಗಳ ಕೆಳಗೆ ಎಡಮೂಲೆಯಲ್ಲಿ ಪೆನ್ಸಿಲಿನಿಂದ 3/20 ಎಂಬಂತೆ, ಇಪ್ಪತ್ತರಲ್ಲಿ ಮೂರನೆಯದು ಎಂದು ಬರೆಯುವುದು ರೂಢಿ. ನೀವು ಹಾಗೆ ಬರೆಯಬೇಡಿ. ಆ ಜಾಗದಲ್ಲಿ ವಾರ, ಹೊತ್ತು, ಮತ್ತು ನಿಮ್ಮ ಪಟ್ಟಿಯಿಂದ ಆ ದಿನದ ಮಾತು, ಇಷ್ಟನ್ನು ಬರೆಯಿರಿ: ‘ಸೋಮವಾರ, ಸಂಜೆ ನಾಲ್ಕು, ಹಿಂಡು’. ಹನ್ನೆರಡು ಪ್ರತಿಗಳಾಗುವವರೆಗೆ ಯಾವುದನ್ನೂ ಎಸೆಯಬೇಡಿ, ಯಾರಿಗೂ ತೋರಿಸಬೇಡಿ, ಯಾವುದು ಚೆನ್ನಾಗಿದೆಯೆಂದು ಆರಿಸಲೂ ಹೋಗಬೇಡಿ. ಅಷ್ಟಾದ ಮೇಲೆ ಹಾಲಿನ ನೆಲವನ್ನು ಒರೆಸಿ, ಒಂದು ಸಾಲಿನಲ್ಲಿ ಹರಡಿ, ಮೊದಲು ಮಗಳನ್ನು ಕರೆಯಿರಿ. ರಟ್ಟಿನ ಅಚ್ಚು ಅಷ್ಟರಲ್ಲಿ ಅಂಚುಗಳಲ್ಲಿ ತುಸು ಚಪ್ಪಟೆಯಾಗಿರುತ್ತದೆ. ಅದನ್ನು ಬದಲಿಸಬೇಡಿ, ಹದಿಮೂರನೆಯದನ್ನೂ ಅದರಲ್ಲಿಯೇ ಒತ್ತಿ.